ಸಿದ್ರಾಮಪುರಕ್ಕೆ ಒಂದು ಟಿಕೇಟು

ಟಿಕೇಟಿನ ಕಿಂಡಿಯ ಮುಂದೆ ಶಿವಬಸವ್ವ ಮತ್ತೊಮ್ಮೆ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು. ಒಳಗೆ ಕೂತ ಬಾಬು, "ಗಾವಾಚಂ ನಾವ ಸಾಂಗಾ, ಬಾಈ," ಎಂದು ಊರಿನ ಹೆಸರು ಕೇಳುತ್ತಲೇ ಇದ್ದ. ಹಿಂದೆ ಪುಣೆ ಸ್ಟೇಶನ್ನಿನ ಮೂರನೇ ದರ್ಜೆಯ ಸಾಲು ಗಂಟುಮೂಟೆ ಹೊತ್ತುಕೊಂಡು ಅವಳ ಬೆನ್ನಿಗೆ ಒತ್ತುತ್ತಿತ್ತು. ಗಾಡಿ ಪ್ಲಾಟ್‌ಫಾರ್ಮಿಗೆ ಬಂದು ನಿಂತು ಆಗಲೇ ಬಹಳ ಹೊತ್ತಾಗಿತ್ತು.

ಹೆಸರನ್ನು ಅವಳು ಹೇಳಿಯಾಗಿತ್ತು. ಹಂದಿಹಳ್ಳ ಎಂದು ಸ್ಪಷ್ಟವಾಗಿಯೇ ಹೇಳಿದ್ದಳು. ಬಾಬು ಮರದ ಗೂಡುಗಳಲ್ಲಿ ಜೋಡಿಸಿಟ್ಟ ಟಿಕೇಟುಗಳ ಮೇಲೆ ಕಣ್ಣಾಡಿಸಿ, ಆ ಹೆಸರಿನ ಸ್ಟೇಶನ್ನೇ ಇಲ್ಲವೆಂದಿದ್ದ. ಅವನು ಹೊಸಬ, ಹಳೆಯ ಹೆಸರನ್ನು ಕೇಳಿದವನಲ್ಲ. ಹೊಸ ಹೆಸರು ಅವಳಿಗೆ ಗೊತ್ತಿತ್ತು. ಅದನ್ನು ಹೇಳುವಂತಿರಲಿಲ್ಲ, ಅಷ್ಟೆ.

ಇದೆಲ್ಲ ಅವಳ ಗಂಡ ಸಿದ್ರಾಮಪ್ಪನ ಉಪಕಾರ. ರವಿವಾರ ಪೇಠದಲ್ಲಿ ಅವನದು ಒಣಮೆಣಸಿನಕಾಯಿಯ ಅಂಗಡಿ. ಬ್ಯಾಡಗಿಯ ಚೀಲ ಬಿಚ್ಚಿದಾಗ ಏಳುವ ಘಾಟಿಗೆ ಒಂದು ದಿನವೂ ಸೀನದ ಮನುಷ್ಯ, ಹುಟ್ಟಿದೂರಿನ ಹೆಸರು ಬಂದರೆ ಮಾತ್ರ ಮೂಗು ಮುರಿಯುತ್ತಿದ್ದ. ಪುಣೆಯ ಕನ್ನಡ ವ್ಯಾಪಾರಿಗಳು ಬಸವ ಜಯಂತಿಗೆ ಸೇರಿದಾಗ ಒಬ್ಬ ಧಾರವಾಡ ಎನ್ನುವನು, ಇನ್ನೊಬ್ಬ ಬೈಲಹೊಂಗಲ ಎನ್ನುವನು. ಸಿದ್ರಾಮಪ್ಪ "ಕುಡಚಿ ಕಡೆ" ಎಂದು ಮಾತು ತೇಲಿಸುತ್ತಿದ್ದ. ಗೊತ್ತಿದ್ದವರು ಬಿಡಬೇಕಲ್ಲ. ಹಂದಿಹಳ್ಳದ ಸಾವಕಾರರಿಗೆ ಇನ್ನೊಂದು ಹೋಳಿಗೆ ಹಾಕಿ ಎಂದು ಪಂಕ್ತಿಯ ಆ ತುದಿಯಿಂದ ಕೂಗುತ್ತಿದ್ದರು. ಸಾವಕಾರರಿಗೆ ಆ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಪಕ್ಕದ ಬಟ್ಟೆ ಅಂಗಡಿಯ ಏಕನಾಥರಾವ್ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಪೇಪರು ಗಟ್ಟಿಯಾಗಿ ಓದುತ್ತಿದ್ದರು. ಒಂದು ದಿನ ಅವರು ಓದಿದ್ದು ತುರ್ಕರ ಸುದ್ದಿ. ಕಾನ್‌ಸ್ಟಾಂಟಿನೋಪಲ್ ಎನ್ನುವ ಪಟ್ಟಣವನ್ನು ಇನ್ನು ಮುಂದೆ ಎಲ್ಲರೂ ಇಸ್ತಂಬುಲ್ ಎಂದೇ ಕರೆಯಬೇಕಂತೆ. ರಶಿಯಾದವರೂ ತಮ್ಮ ರಾಜಧಾನಿಯಾಗಿದ್ದ ಊರಿನ ಹೆಸರನ್ನು ಹತ್ತು ವರ್ಷದಲ್ಲಿ ಎರಡು ಸಲ ತಿರುವಿಹಾಕಿದ್ದಾರೆ ಎಂದು ಏಕನಾಥರಾವ್ ತಮ್ಮದೊಂದು ಸೇರಿಸಿದರು. ದೂರದ ಮಾತೇಕೆ, ನಾವು ಕೂತಿರುವ ಈ ಪೇಠಕ್ಕೇ ಒಂದು ಕಾಲದಲ್ಲಿ ಮಲಕಾಪುರ ಎನ್ನುತ್ತಿದ್ದರಂತೆ, ಈಗ ಅದಕ್ಕಾಗಿ ಯಾರಾದರೂ ಅಳುತ್ತಾರೆಯೇ ಎಂದೂ ಕೇಳಿದರು. ಯಾರೂ ಅಳುತ್ತಿರಲಿಲ್ಲ. ಆ ಮಾತು ಸಿದ್ರಾಮಪ್ಪನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಮರುವರ್ಷ ಅವನು ಊರಲ್ಲಿ ಮೆಟ್ಟಿಲಿನ ಬಾವಿ ಕಟ್ಟಿಸಿದ, ಶಾಲೆಗೊಂದು ಕೋಣೆ ಹಾಕಿಸಿದ. ಊರು ಒಂದು ಸಣ್ಣ ಸಂಸ್ಥಾನದ್ದು. ಅದನ್ನಾಳುವ ಸರಕಾರರು ಸಂತೋಷಗೊಂಡು ಊರಿಗೆ ಸಿದ್ರಾಮಪುರವೆಂದು ಹೆಸರಿಡಲು ಹುಕುಮ್ ಮಾಡಿದರು. ರೇಲ್ವೆಯವರಿಗೂ ಬರೆದು ಸ್ಟೇಶನ್ನಿನ ಹಲಗೆಯನ್ನು ಬದಲಿಸಿದರು. ತನ್ನ ಹೆಸರೇ ಇಡಿ ಎಂದು ತಾನು ಕೇಳಲೇ ಇಲ್ಲವೆಂಬುದು ಸಿದ್ರಾಮಪ್ಪನ ವಾದ. ಬೇಡವೆಂದೂ ಅವನು ಹೇಳಲಿಲ್ಲ.

ಹೆಸರಿಡುವ ದಿನ ಮಂಟಪದಲ್ಲಿ ಯಾರೋ ಶಿವಬಸವ್ವನನ್ನು ಚುಡಾಯಿಸಿದರು. ಗಂಡ ಹೆಂಡತಿ ಇಬ್ಬರೂ ಅದೇ ಊರಿನವರು, ಅವಳ ತವರುಮನೆ ಅಲ್ಲೇ ಕೆಳಗಿನ ಓಣಿಯಲ್ಲಿತ್ತು. ಗಂಡನ ಹೆಸರು ಹೆಂಡತಿಯ ಬಾಯಿಂದ ಬಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಂಬಿದವಳು ಅವಳು. ಸೊಲ್ಲಾಪುರದ ಸಿದ್ಧರಾಮೇಶ್ವರನಿಗೂ "ಸೊಲ್ಲಾಪುರದಪ್ಪಾ" ಎಂದೇ ಕೈಮುಗಿಯುತ್ತಿದ್ದಳು. ಇನ್ನು ತವರಿಗೆ ಹೋಗುವಾಗ ಏನೆಂದು ಹೇಳುತ್ತಾಳೆ ನೋಡೋಣ ಎಂದು ಜನ ನಕ್ಕರು. ಸಿದ್ರಾಮಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಕಂಬಕ್ಕೆ ಒರಗಿ ಕೂತಿದ್ದ ಅವಳ ತಾಯಿ ರುದ್ರವ್ವ ಮಾತ್ರ, "ನನ್ನ ಮಗಳ ಬಾಯಾಗಿನ ಊರು ಕಸಗೊಂಡ್ರಲ್ರೀ ಅಳಿಯಪ್ಪಾ," ಎಂದಳು. ಅದನ್ನೂ ಜನ ತಮಾಷೆಯೆಂದೇ ತಿಳಿದರು.

ಅದಾದ ಮೇಲೆ ಶಿವಬಸವ್ವ ಊರಿಗೆ ಹೋಗಿರಲಿಲ್ಲ. ಮಗಳ ಬಾಣಂತನ, ಅಂಗಡಿಯ ಕೆಲಸದವರ ಅಡಿಗೆ, ಒಂದಲ್ಲ ಒಂದು ಇತ್ತು. ಈ ದಿನ ಬೆಳಕು ಹರಿಯುವಾಗ ಊರಿನ ಮಲಕಪ್ಪ ಕುಡಚಿಯಲ್ಲಿ ಮೇಲ್ ಗಾಡಿ ಹತ್ತಿ ಬಂದಿಳಿದವನು ನೇರ ಅವರ ಮನೆಯ ಬಾಗಿಲಿಗೆ ಬಂದ. ರುದ್ರವ್ವ ಅನ್ನ ನೀರು ಬಿಟ್ಟಿದ್ದಾಳೆ, ಕಣ್ಣಲ್ಲಿ ಜೀವ ಹಿಡಿದುಕೊಂಡು ಮಗಳನ್ನೇ ಕೇಳುತ್ತಿದ್ದಾಳೆ, ಈಗಿನ ಗಾಡಿಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮುಖ ನೋಡಬಹುದು ಎಂದ. ಸಿದ್ರಾಮಪ್ಪ ವಸೂಲಿಗೆಂದು ಸೊಲ್ಲಾಪುರಕ್ಕೆ ಹೋಗಿದ್ದ. ಅಮಾವಾಸ್ಯೆಯೆಂದು ಅಂಗಡಿಯೂ ಮುಚ್ಚಿತ್ತು. ಜೊತೆಗೆ ಸ್ಟೇಶನ್ನಿಗೆ ಬರಲೇ ಎಂದು ಮಲಕಪ್ಪ ಕೇಳಿದ. ಅವನ ಬೆಲ್ಲದ ಗಾಡಿಗಳು ಪೇಟೆಯಲ್ಲಿ ಕಾಯುತ್ತಿರುವುದು ಗೊತ್ತಿದ್ದ ಶಿವಬಸವ್ವ, ತಾನೇನು ಸಣ್ಣ ಹುಡುಗಿಯಲ್ಲವೆಂದು ಒಬ್ಬಳೇ ಟಾಂಗಾ ಹತ್ತಿದಳು. ಟಿಕೇಟಿನ ತೊಡಕು ಮಲಕಪ್ಪನಿಗೆ ಹೊಳೆಯಲಿಲ್ಲ. ಗಂಡಸರಿಗೆ ಅದು ಹೊಳೆಯುವುದೂ ಇಲ್ಲ. ಅವಳಿಗೆ ಹೊಳೆದಾಗ ಟಾಂಗಾ ಸೋಮವಾರ ಪೇಠ ದಾಟಿತ್ತು.

ಹಳೆಯ ಹೆಸರು ನಡೆಯಬಹುದೆಂದು ಅವಳು ಧೈರ್ಯ ಮಾಡಿದ್ದಳು. ನಡೆಯಲಿಲ್ಲ.

ತನ್ನ ಹರುಕುಮುರುಕು ಮರಾಠಿಯಲ್ಲಿ, ಅದು ನಮ್ಮ ಮನೆಯವರ ಹೆಸರಿನ ಊರು ಎಂದು ಬಾಬುವಿಗೆ ತಿಳಿಸಿ ಹೇಳಿದಳು. ನಿಮ್ಮ ಮನೆಯವರ ಹೆಸರು ತನಗೆ ಹೇಗೆ ಗೊತ್ತಾಗಬೇಕು ಎಂದು ಬಾಬು ಕೇಳಿದ. ಸಾಲಿನಲ್ಲಿ ನಗೆ ಎದ್ದಿತು. ಕುಡಚಿಯ ಹತ್ತಿರ ಎಂದರೆ, ಕುಡಚಿಗೇ ಕೊಡಲೇ ಎಂದ. ಅಲ್ಲಿಳಿದರೆ ಮುಂದೆ ಎಷ್ಟು ದೂರ, ಯಾವ ದಿಕ್ಕು ಎಂದು ಅವಳಿಗೆ ತಿಳಿಯದು. ಹಾದಿಯ ದೊಡ್ಡ ಸ್ಟೇಶನ್ನು ಮಿರಜಿನ ತನಕ ಟಿಕೇಟು ತೆಗೆದು ಮುಂದೆ ನೋಡಿಕೊಳ್ಳಬಹುದಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಆಮೇಲೆ ಹೇಳುವುದು ಸುಲಭ. ಪ್ರತಿ ಸಲವೂ ಗಂಡ ಟಿಕೇಟು ತಂದು, ಕಿಟಕಿಯ ಪಕ್ಕ ಕೂರಿಸಿ, ಊರು ಬಂತು ಏಳು ಎಂದಾಗ ಎದ್ದವಳಿಗೆ ಹಾದಿಯ ಊರುಗಳೆಂದರೆ ಚಹಾ ಮಾರುವವರ ಕೂಗು, ಅಷ್ಟೆ.

ಹಿಂದಿನವರ ತಾಳ್ಮೆ ಮುಗಿದು ಅವಳನ್ನು ಸಾಲಿನಿಂದ ಪಕ್ಕಕ್ಕೆ ಸರಿಸಿದರು. ಅವಳು ಗೋಡೆ ಹಿಡಿದು ನಿಂತಳು. ಒಂದು ಕಡೆ ತಾಯಿ, ಇನ್ನೊಂದು ಕಡೆ ಗಂಡನ ಜೀವ. ಅಲ್ಲಿ ನಗುತ್ತಿದ್ದವರಿಗೆ ಅದು ಹೆಂಗಸಿನ ಹುಚ್ಚು. ಅವಳಿಗೆ ಅದು ತಕ್ಕಡಿಯ ಎರಡು ತಟ್ಟೆ, ಮತ್ತು ಯಾವುದನ್ನು ಕೆಳಗಿಳಿಸಿದರೂ ಕೈ ಅವಳದೇ.

ಬಾಗಿಲ ಬಳಿ ಹೂವು ಮಾರುತ್ತಿದ್ದ ಮರಾಠಿ ಮುದುಕಿಯೊಬ್ಬಳು ಇದನ್ನೆಲ್ಲ ನೋಡುತ್ತಿದ್ದಳು. ಬುಟ್ಟಿ ಇಟ್ಟು ಎದ್ದು ಬಂದವಳು ಏನಾಯಿತೆಂದು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಅವಳೂ ಗಂಡನ ಹೆಸರು ಹೇಳದವಳೇ. ಮದುವೆಯಲ್ಲಿ ಉಖಾಣೆ ಕಟ್ಟಿ ಹೇಳಿಲ್ಲವೇ, ಹಾಗೆ ಹೇಳಿದರೆ ಪಾಪವಿಲ್ಲ ಎಂದು ಭುಜ ಹಿಡಿದು ಅವಳನ್ನು ಮತ್ತೆ ಕಿಂಡಿಯ ಎದುರಿಗೆ ನಿಲ್ಲಿಸಿದಳು. ಉಖಾಣೆಯೆಂದರೆ ನಮ್ಮ ಒಡಪು. ಹೊಸ ಮದುಮಗಳನ್ನು ಹೊಸಿಲಲ್ಲಿ ತಡೆದು, ಗಂಡನ ಹೆಸರು ಸೇರಿಸಿ ನಾಲ್ಕು ಸಾಲು ಹೇಳಿದರಷ್ಟೇ ಒಳಗೆ ಬಿಡುತ್ತಾರಲ್ಲ, ಅದು. ಶಿವಬಸವ್ವನಿಗೆ ನೆನಪಿದ್ದದ್ದು ಒಂದೇ, ರುದ್ರವ್ವ ಕಲಿಸಿಕೊಟ್ಟದ್ದು. ಐವತ್ತರ ಹತ್ತಿರ ಬಂದ ಹೆಂಗಸು, ತಲೆಯ ಮೇಲಿನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ರೇಲ್ವೆಯ ಬಾಬುವಿನ ಎದುರು, ಅಳುತ್ತ ಹೇಳಿದಳು:

"ಅವ್ವ ಕೊಟ್ಟ ಅರಿಷಿಣ ಕುಂಕುಮ, ಅಪ್ಪ ಕೊಟ್ಟ ಸೀರಿ, ಸಿದ್ರಾಮಪ್ಪನವರ ಹೆಸರು ಹೇಳತೀನಿ, ಎಲ್ಲಾರೂ ದಾರಿ ಬಿಡ್ರಿ."

ಈ ಸಲ ಯಾರೂ ನಗಲಿಲ್ಲ. ಬಾಬುವಿಗೆ ಕನ್ನಡ ಬರದಿದ್ದರೂ ಹೆಸರು ಕಿವಿಗೆ ಬಿದ್ದಿತ್ತು. ಸಿದ್ರಾಮಪುರದ ಟಿಕೇಟು ತೆಗೆದು, ಠಪ್ಪೆಂದು ತಾರೀಖು ಒತ್ತಿ ಅವಳ ಕೈಗೆ ಕೊಟ್ಟ. ಅದನ್ನು ಹಿಡಿದು ಅವಳು ಪ್ಲಾಟ್‌ಫಾರ್ಮಿಗೆ ಓಡಿದಾಗ ಗಾಡಿಯ ಕೊನೆಯ ಡಬ್ಬಿ ಹೋಗುತ್ತಿತ್ತು. ಆ ಸಣ್ಣ ಸ್ಟೇಶನ್ನಿನಲ್ಲಿ ನಿಲ್ಲುವ ಗಾಡಿ ದಿನಕ್ಕೊಂದೇ. ಮನೆಗೆ ಹೋದರೆ ನಾಳೆಯೂ ತಪ್ಪೀತೆಂದು ಹೆದರಿ ಅವಳು ಅಲ್ಲೇ ಹೆಂಗಸರ ಬೆಂಚಿನ ಮೇಲೆ ಕೂತುಬಿಟ್ಟಳು. ಮುದುಕಿ ಸಂಜೆ ಭಾಕ್ರಿ ತಂದು ಕೊಟ್ಟದ್ದನ್ನು ತಿನ್ನಲಿಲ್ಲ.

ಮರುದಿನ ಸಂಜೆ ಊರಿನ ಸ್ಟೇಶನ್ನಿನಲ್ಲಿ ಇಳಿದಾಗ ಎತ್ತಿನ ಗಾಡಿ ಇರಲಿಲ್ಲ. ಹಿಂದಿನ ಸಂಜೆ ತಮ್ಮ ಕಾಡಪ್ಪ ಗಾಡಿ ಕಟ್ಟಿಕೊಂಡು ಬಂದು, ಇಳಿದವರ ಮುಖವನ್ನೆಲ್ಲ ನೋಡಿ, ಬರಿಗಾಡಿ ಹೊಡೆದುಕೊಂಡು ಮರಳಿದ್ದ. ಅಕ್ಕನಿಗೆ ಬರಲಾಗಲಿಲ್ಲವೆಂದುಕೊಂಡು ಅವರು ಕಾಯಲಿಲ್ಲ. ರುದ್ರವ್ವನನ್ನು ಆ ದಿನ ಮಧ್ಯಾಹ್ನವೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದರು. ಶಿವಬಸವ್ವ ನಡೆದು ಬರುವಾಗ ಮಣ್ಣು ಇನ್ನೂ ಹಸಿಯಾಗಿತ್ತು. ತಾಯಿ ದೀಪ ಹಚ್ಚುವವರೆಗೂ ಬಾಗಿಲ ಕಡೆ ನೋಡುತ್ತಿದ್ದಳೆಂದು ಯಾರೂ ಅವಳಿಗೆ ಹೇಳಬಾರದೆಂದಿದ್ದರು. ಆದರೂ ಹೇಳಿದರು.

ಸಿದ್ರಾಮಪ್ಪ ಸೊಲ್ಲಾಪುರದಿಂದ ಬಂದು, ನೆರೆಯವರಿಂದ ಸುದ್ದಿ ತಿಳಿದು, ಮೂರನೆಯ ದಿನದ ಹೊತ್ತಿಗೆ ಊರು ತಲುಪಿದ. ಒಬ್ಬಳೇ ಬರುವಷ್ಟು ಗಟ್ಟಿ ಹೆಂಗಸು ಮೊದಲ ಗಾಡಿಗೇ ಯಾಕೆ ಬರಲಿಲ್ಲ ಎಂದು ಅವನು ಸಹಜವಾಗಿಯೇ ಕೇಳಿದ. ಶಿವಬಸವ್ವ ತಾಯಿಯ ಹಾಸಿಗೆಯಿದ್ದ ಜಾಗವನ್ನು ಸೆಗಣಿ ಹಾಕಿ ಸಾರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಟಿಕೇಟ ಕೇಳಾಕ ಬಾಯಿ ಬರಲಿಲ್ರಿ. ಕಡೀಕ ಹೇಳಿದೆ, ಅಷ್ಟು ಮಂದಿ ಮುಂದ ನಿಂತು ಹೇಳಿದೆ. ಹೇಳೂದಽ ಇತ್ತಂದ್ರ ಮೊದಲಽ ಹೇಳಬೇಕಿತ್ತು. ಅವ್ವನ ಮಾರಿ ನೋಡತಿದ್ದೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೂತಲ್ಲಿಂದ ಎದ್ದು ಹೊರಗೆ ಹೋದ. ಬಾವಿಯ ಕಡೆ ಹೋದರೆ ಬಾವಿಯ ಕಲ್ಲಿನ ಮೇಲೆ ಅವನ ಹೆಸರು, ಶಾಲೆಯ ಕಡೆ ಹೋದರೆ ಅಲ್ಲೂ ಅದೇ. ಊರ ತುಂಬ ತಾನೇ ತುಂಬಿಕೊಂಡಿದ್ದೇನೆ, ಹೆಂಡತಿಗೆ ಕಾಲಿಡಲು ಜಾಗ ಬಿಟ್ಟಿಲ್ಲ ಎಂದು ಅವನಿಗೆ ನಾಚಿಕೆಯಾಯಿತು. ನಾಚಿಕೆಯೆಂದರೆ ಪಂಕ್ತಿಯಲ್ಲಿ ಆಗುತ್ತಿತ್ತಲ್ಲ, ಅಂಥದಲ್ಲ. ಇದು ಎಲ್ಲೋ ಬೇರೆ ಕಡೆ ನೋಯಿಸುತ್ತಿತ್ತು.

ದಿನಕರ್ಮ ಮುಗಿದ ಮೇಲೆ ಅವನು ಕುದುರೆಗಾಡಿ ಮಾಡಿಕೊಂಡು ಸಂಸ್ಥಾನದ ಕಚೇರಿಗೆ ಹೋದ. ಊರಿಗೆ ಮೊದಲಿನ ಹೆಸರನ್ನೇ ಇಡಬೇಕೆಂದು ಕೈಮುಗಿದು ಕೇಳಿದ. ಕಾರಭಾರಿಗಳು ಕನ್ನಡಕ ತೆಗೆದು ಅವನನ್ನು ನೋಡಿದರು. ಸರಕಾರರ ಹುಕುಮ್ ಅಂದರೆ ಅಂಗಡಿಯ ಹಲಗೆಯೇ, ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯಲು, ಎಂದು ಕೇಳಿದರು. ಹೆಂಡತಿಯ ವಿಷಯ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹೇಳಿದ್ದರೂ ಅವರು ನಗುತ್ತಿದ್ದರು, ಅವನೂ ಹಿಂದೊಮ್ಮೆ ನಕ್ಕಿದ್ದನಲ್ಲ.

ಊರವರೂ ಒಪ್ಪಲಿಲ್ಲ. ಚಾವಡಿಯಲ್ಲಿ ಮಾತು ತೆಗೆದಾಗ ಪಟೇಲ ಶಿವರುದ್ರಪ್ಪ ಮೆತ್ತಗೆ ಹೇಳಿದ. "ಸಾವಕಾರ್ರ, ಈಗ ನಮ್ಮ ಹುಡುಗೂರಿಗೆ ಛಲೋ ಮನಿ ಹೆಣ್ಣ ಕೊಡಾಕತ್ತಾರ. ಮೊದಲು ಹಂದಿಹಳ್ಳ ಅಂದ್ರ ಕೇಳಿದವ್ರು ಎದ್ದು ಹೋಗತಿದ್ರು. ಈಗ ನೀವಽ ಬ್ಯಾಡ ಅಂದ್ರ ಹ್ಯಾಂಗ್ರಿ?" ಸಿದ್ರಾಮಪ್ಪ ಚಾವಡಿಯಿಂದ ಎದ್ದು ಬಂದ. ಆ ಮಾತನ್ನು ಅವನೇ ಕಲಿಸಿದ್ದು.

ಹದಿನೈದು ದಿನದ ಮೇಲೆ ಇಬ್ಬರೂ ಪುಣೆಗೆ ಹೊರಟರು. ಕಾಡಪ್ಪನ ಹೆಂಡತಿ ರೊಟ್ಟಿ ಬುತ್ತಿ ಕಟ್ಟಿ ಕೊಟ್ಟಿದ್ದಳು. ಡಬ್ಬಿಯಲ್ಲಿ ಎದುರಿಗೆ ಬೆಳಗಾವಿಯ ಕಡೆಯ ಹೆಂಗಸೊಬ್ಬಳು ಕೂತಿದ್ದಳು, ಮಗಳ ಹೆರಿಗೆಗೆಂದು ಹೊರಟವಳು, ಬಾಯಿ ಸುಮ್ಮನಿರದ ಜಾತಿ. ತನ್ನ ಮಗಳು, ಅಳಿಯ, ಬೀಗರು ಎಲ್ಲರ ಸುದ್ದಿ ಮುಗಿಸಿ ಇವರ ಊರು ಕೇಳಿದಳು. ಪುಣೆ ಎಂದು ಸಿದ್ರಾಮಪ್ಪನೇ ಹೇಳಿದ.

"ಅದು ಗಂಡನ ಮನಿ ಆತು," ಎಂದಳು ಆ ಹೆಂಗಸು ಶಿವಬಸವ್ವನ ಕಡೆ ತಿರುಗಿ. "ನಿಮ್ಮ ತವರೂರು ಯಾವುದ್ರಿ ಅಕ್ಕಾರ?"

ಸಿದ್ರಾಮಪ್ಪ ಬಾಯಿ ತೆರೆದ. ಹೆಂಡತಿಯ ಪರವಾಗಿ ತಾನೇ ಹೇಳಿಬಿಡಬಹುದಿತ್ತು. ಆದರೆ ಹೊಸ ಹೆಸರು ನಾಲಿಗೆಯ ಮೇಲೆ ಬರಲಿಲ್ಲ. ಇಷ್ಟು ವರ್ಷ ಮೂಗು ಮುರಿದಿದ್ದ ಹಳೆಯ ಹೆಸರನ್ನು ಈಗ ಅವಳ ಎದುರಿಗೆ ಯಾವ ಮುಖದಿಂದ ಹೇಳಬೇಕೋ ತಿಳಿಯಲಿಲ್ಲ.

"ತವರೂರು ಇಲ್ರಿ ನನಗ," ಎಂದಳು ಶಿವಬಸವ್ವ.

ಹೆತ್ತವ್ವ ಹೋದರೆ ಹಾಗೇ ಅನಿಸುತ್ತದೆ ಎಂದು ಆ ಹೆಂಗಸು ಲೊಚಗುಟ್ಟಿದಳು. ಶಿವಬಸವ್ವ ಬುತ್ತಿ ಬಿಚ್ಚಿದಳು. ಯಾವಾಗಿನಂತೆ ಮೊದಲ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಗಂಡನ ಅಂಗೈಯಲ್ಲಿಟ್ಟಳು. ಎರಡನೆಯದನ್ನು ಮುರಿದು ಅರ್ಧ ಎದುರಿನವಳಿಗೆ ಕೊಟ್ಟಳು. ಉಳಿದ ಅರ್ಧವನ್ನು ತಾನು ತಿನ್ನುತ್ತ ಕಿಟಕಿಯ ಕಡೆ ತಿರುಗಿ ಕೂತಳು. ಸಿದ್ರಾಮಪ್ಪ ರೊಟ್ಟಿ ಹಿಡಿದುಕೊಂಡೇ ಇದ್ದ.