ಬೇಲಿ ಕಿತ್ತ ಮಾಣಿಕಮ್ಮ

ಕಂಗ್ಟಿ ಹತ್ತಿರದ ಒಂದು ಊರಿಗೆ ಹಿಟ್ಟಿನ ಗಿರಣಿ ಬಂದ ವರ್ಷ. ಒಂದು ಬೆಳಗ್ಗೆ ಮಾಣಿಕಮ್ಮ ಹೊಲಕ್ಕೆ ಹೋಗಿ ನೋಡಿದರೆ, ಕಾಯಿ ಕಟ್ಟಿದ್ದ ಅರ್ಧ ಎಕರೆ ತೊಗರಿ ಬೋಳಾಗಿ ನಿಂತಿತ್ತು. ನೆಲದ ತುಂಬ ಕುರಿಯ ಹೆಜ್ಜೆ. ಆ ಕಡೆ ಕುರಿ ಮೇಯಿಸುವವಳು ನೆರೆಮನೆಯ ಸುಭದ್ರಮ್ಮ ಒಬ್ಬಳೇ.

ಮಾಣಿಕಮ್ಮನ ಗಂಡ ಕಾಶಿರಾಮ ತಮ್ಮಂದಿರನ್ನು ಕೂಡಿಸಿದ. “ನಾಳಿ ಮುಂಜಾನಿ ಆಕಿ ಕುರಿ ಹೊಡಕೊಂಡು ಹೋಗಿ ಸರ್ಕಾರದ ಕೊಂಡವಾಡದ ದೊಡ್ಯಾಗ ಕೂಡಿ ಹಾಕ್ತೀನಿ. ಅಡ್ಡ ಬಂದವ್ರ ಕಾಲು ಮುರೀತೀನಿ,” ಅಂದ.

ಮಾಣಿಕಮ್ಮನಿಗೂ ಸಿಟ್ಟು ಬಂದಿತ್ತು. ಬಾವಿಕಟ್ಟೆಯಲ್ಲಿ, ಗಿರಣಿಯಲ್ಲಿ ನಾಲ್ಕು ಜನರ ಮುಂದೆ ಸುಭದ್ರಮ್ಮನನ್ನು ಬೈದು ಬಂದಿದ್ದಳು. ಬೈದಷ್ಟೂ ಸಿಟ್ಟು ಏರಿತೇ ಹೊರತು ಇಳಿಯಲಿಲ್ಲ.

ಸಂಜೆ ಅವರ ಮನೆಗೆ ಪ್ರಾರ್ಥನೆ ನಡೆಸಲು ಕಲ್ಹೇರಿನ ಚಂದ್ರಾಬಾಯಿ ಬಂದಳು. ಎಲ್ಲ ಕೇಳಿಸಿಕೊಂಡು, “ಊರಿಗೆಲ್ಲ ಹೇಳಿದಿ. ಸುಭದ್ರಮ್ಮಗ ಹೇಳಿದೇನ?” ಎಂದಳು.

“ಇಲ್ರಿ,” ಎಂದಳು ಮಾಣಿಕಮ್ಮ.

“ತಪ್ಪು ಮಾಡಿದವ್ರ ಬಲ್ಲಿ ಮೊದ್ಲ ನೀ ಒಬ್ಬಾಕೆ ಹೋಗು, ಇಬ್ಬರೇ ಕುಂತು ಮಾತಾಡ್ರಿ ಅಂತ ಯೇಸುಸ್ವಾಮಿ ಕಲಿಸ್ಯಾನ.”

ಕಾಶಿರಾಮ ನಕ್ಕ. “ಅವ್ರು ನಮ್ಮ ಪ್ರಾರ್ಥನಾಕ ಬರಂಗಿಲ್ರಿ, ಅಕ್ಕಾ. ಅವ್ರಿಗಿ ಯೇಸುನ ಮಾತು ಯಾಕ?”

“ಆ ಮಾತು ಅವ್ರಿಗಲ್ಲ ತಮ್ಮಾ, ನಮಗ ಹೇಳಿದ್ದು.”

“ಹಂಗಂದ್ರ ಲುಕ್ಸಾನ ಆದ್ರೂ ಬಾಯಿ ಮುಚ್ಕೊಂಡು ಕುಂದರಬೇಕೇನ್ರಿ?”

“ಯಾರಂದ್ರು? ಕ್ಷಮಾ ಅಂದ್ರ ಬಾಯಿ ಮುಚ್ಚೋದಲ್ಲ. ಖರೇ ಇದ್ದದ್ದು ಮುಖದ ಮ್ಯಾಲೆ ಹೇಳಬೇಕು. ಅವ್ರು ಹೇಳೋದೂ ಕೇಳಬೇಕು.”

ಮಾಣಿಕಮ್ಮ ಸೆರಗು ಸಿಗಿಸಿಕೊಂಡು ಎದ್ದಳು.

“ಹೊಸ್ತಿಲ ದಾಟಿದ್ರ ನೋಡು!” ಎಂದು ಗಂಡ ಗದರಿದ.

“ದಾಟ್ತೀನಿ,” ಎಂದು ದಾಟಿದಳು.

ಸುಭದ್ರಮ್ಮ ಹಟ್ಟಿಯಲ್ಲಿ ಮರಿಗಳನ್ನು ಕೂಡಿಹಾಕುತ್ತಿದ್ದಳು. ಮಾಣಿಕಮ್ಮ ನಿಂತಲ್ಲೇ ಹೇಳಿದಳು: “ನಿನ್ನ ಕುರಿ ನನ್ನ ತೊಗರಿ ತಿಂದಾವ. ನನಗ ಭಾಳ ಸಂಕಟ ಆಗ್ಯಾದ. ಆದ್ರ ನಿನಗ ಕೇಳದೇ ಊರಾಗ ನಿನ್ನ ಬೈದೀನಿ. ಅದು ನನ್ನ ಗಲತಿ.”

ಸುಭದ್ರಮ್ಮ ತಿರುಗಿ ನಿಂತಳು. “ತಿಂದಾವ, ಖರೇ. ಹಳ್ಳಕ್ಕ ಹೋಗೋ ರಸ್ತಾಕ್ಕ ಮುಳ್ಳು ಹಚ್ಚಿದವ್ರು ಯಾರು, ಅದೂ ಹೇಳು. ನಮ್ಮತ್ತಿ ಕಾಲದಿಂದ ಕುರಿ ಅಲ್ಲೇ ನೀರಿಗಿ ಹೋಗ್ತಿದ್ವು. ಈಗ ನಿಮ್ಮ ಹೊಲದ ಬದುವಿನ ಮ್ಯಾಲೆ ಹೋಗಬೇಕು. ಹಸಿರು ಕಂಡ ಕುರಿ ನನ್ನ ಮಾತು ಕೇಳ್ತಾವೇನ?”

ಆ ಬೇಲಿ ಹಚ್ಚಿದ್ದು ಕಾಶಿರಾಮ. ಮುಳ್ಳು ಕಡಿದು ಕೊಟ್ಟವಳು ಮಾಣಿಕಮ್ಮನೇ. ಎರಡು ಸಾಲು ಹೆಚ್ಚು ಬಿತ್ತಬಹುದೆಂದು ಆಗ ಹಿಗ್ಗಿದ್ದಳು. “ನಾವೇ ಹಚ್ಚೀವಿ,” ಎಂದಳು.

ಮರುದಿನ ಬಡಿಗೆ ಹಿಡಿದ ಗಂಡಸರು ಹೊಲಕ್ಕೆ ಬಂದಾಗ, ಅವಳು ಬೇಲಿಯ ಮುಳ್ಳು ಕಿತ್ತು ಎಸೆಯುತ್ತಿದ್ದಳು. ಅಂಗೈ ತುಂಬ ರಕ್ತ.

“ಹುಚ್ಚು ಹಿಡದದೇನ? ಮಂದಿ ಮುಂದ ನನ್ನ ಮರ್ಯಾದಿ ಕಳೀತಿ!” ಎಂದು ಕಾಶಿರಾಮ ಕೂಗಿದ.

“ರಸ್ತಾ ಅವ್ರದು. ಕಸಗೊಂಡವ್ರು ನಾವು. ಬಡಿಗಿ ಎತ್ತೋದಿದ್ರ ನನ್ನ ಮ್ಯಾಲೆ ಎತ್ತು. ಈ ರಸ್ತಾ ತೆರಿಯೋ ತನಕ ನಾ ಇಲ್ಲಿಂದ ಅಲುಗಂಗಿಲ್ಲ!”

ಮೈದುನರು ಬಡಿಗೆ ಕೆಳಗಿಳಿಸಿದರು. ಅಷ್ಟರಲ್ಲಿ ಸುಭದ್ರಮ್ಮ ಬಂದಳು. “ಅಣ್ಣಾ, ನಿಮ್ಮ ತೊಗರಿ ತಿಂದದ್ದು ನಾ ಇಲ್ಲ ಅನ್ನಂಗಿಲ್ರಿ. ರಾಶಿ ಆದಮ್ಯಾಲೆ ಎಂಟು ದಿನ ನನ್ನ ಕುರಿ ರಾತ್ರಿ ನಿಮ್ಮ ಹೊಲದಾಗ ತರಬಿ ಮಲಗಸ್ತೀನಿ. ಹಿಕ್ಕಿ ಗೊಬ್ಬರ ಎಲ್ಲ ನಿಮ್ದೇ.”

ಕಾಶಿರಾಮ ಹೆಂಡತಿಯ ಅಂಗೈ ನೋಡಿದ. ಆಮೇಲೆ ಬಡಿಗೆಯಿಂದಲೇ ಒಂದು ಮುಳ್ಳುಕಂಟಿ ಎತ್ತಿ ಬದಿಗೆ ಹಾಕಿದ.

“ಬರಿಗೈಲಿ ಯಾರರ ಮುಳ್ಳು ಕೀಳ್ತಾರೇನ? ಆಕಡಿ ಸರಿ,” ಎಂದ.

ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ಯಾರ ಮೇಲೆ ಸಿಟ್ಟಿದೆ? ಅದನ್ನು ಗಿರಣಿಯಲ್ಲಿ ಹೇಳಬೇಡಿ, ಅವರ ಬಾಗಿಲಿಗೇ ಹೋಗಿ ಹೇಳಿ. ಅನ್ಯಾಯವನ್ನು ನುಂಗಿಕೊಳ್ಳಬೇಡಿ, ನಿಮ್ಮ ತಪ್ಪನ್ನೂ ಮುಚ್ಚಿಡಬೇಡಿ. ಅವರು ಕೇಳದಿದ್ದರೆ ತಿಳಿದವರಿಬ್ಬರನ್ನು ಕರೆದುಕೊಂಡು ಮತ್ತೆ ಹೋಗಿ. ನಿಮ್ಮವರೇ ತಡೆದರೂ ನಿಲ್ಲಬೇಡಿ. ಇವತ್ತೇ ಹೋಗಿ.