ಕಂದಕದಿಂದ ಎದ್ದವಳು

ಪೂರ್ವ ಕರಾವಳಿಯ ಊರುಗಳ ಮೇಲೆ ಜಪಾನಿನವರು ಬಾಂಬು ಹಾಕಿದ ಸುದ್ದಿ ಬಂದ ವರ್ಷ, ಕೋಲಾರದ ಜನ ಆಕಾಶ ನೋಡಿಕೊಂಡೇ ಓಡಾಡುತ್ತಿದ್ದರು. ಹತ್ತಿರದಲ್ಲೇ ಚಿನ್ನದ ಗಣಿ. ವಿಮಾನ ಈ ಕಡೆ ಬಂದರೆ ನಮ್ಮನ್ನು ಬಿಡುತ್ತದೆಯೇ ಎಂದು ಸಂತೆಯಲ್ಲೂ ಮಾತು.

ಶ್ರೀನಿವಾಸಪುರದ ಭಾರತಮ್ಮ ಕಾಲೇಜು ಓದಲು ಬಂದು ಚಿಕ್ಕಮ್ಮ ಶ್ಯಾಮಲಮ್ಮನ ಮನೆಯಲ್ಲಿದ್ದಳು. ಚಿಕ್ಕಮ್ಮ ಕಿಟಕಿಯ ಗಾಜುಗಳಿಗೆ ಕಾಗದ ಅಂಟಿಸಿ, ಬಾಗಿಲ ಪಕ್ಕ ಮರಳು ತುಂಬಿಟ್ಟು, ಹುರಿಹಿಟ್ಟು ಬೆಲ್ಲ ಒಂದು ಗಂಟು ಕಟ್ಟಿಟ್ಟಿದ್ದಳು. ದಿನವೂ ಒಂದೇ ಮಾತು: "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ಬಸ್ಸು ಹತ್ತಿಸಿಬಿಡ್ತೀನಿ ಕಣೇ. ನಿಮ್ಮಪ್ಪಂಗೆ ಉತ್ತರ ಹೇಳೋಕೆ ನನ್ ಕೈಲಾಗಲ್ಲ."

ಕಾಲೇಜಿನಲ್ಲಿ ಈ ಮುನ್ನೆಚ್ಚರಿಕೆಯ ಕೆಲಸ ರಸಾಯನಶಾಸ್ತ್ರದ ಮೇಷ್ಟರು ಕೋದಂಡರಾಮಪ್ಪನವರ ಪಾಲಿಗೆ ಬಿದ್ದಿತ್ತು. ಮೈದಾನದಲ್ಲಿ ಉದ್ದಕ್ಕೆ ಕಂದಕ ತೋಡಿಸಿ, ಪ್ರತಿ ಬಾಗಿಲಲ್ಲೂ ನೀರಿನ, ಮರಳಿನ ಬಕೀಟು ಇಡಿಸಿದ್ದರು. ಉದ್ದನೆಯ ಸೀಟಿ ಊದಿದರೆ ಎಲ್ಲರೂ ಓಡಿ ಬಂದು ಅದರಲ್ಲಿ ಬೋರಲು ಮಲಗಬೇಕು. ಮೂರು ಗಿಡ್ಡ ಸೀಟಿ ಕೇಳುವವರೆಗೆ ತಲೆ ಎತ್ತಬಾರದು. ಎತ್ತಿದವರನ್ನು ಕಾಲೇಜಿನಿಂದ ಹೊರಗೆ ಹಾಕಿಸುತ್ತೇನೆಂದು ಹೇಳಿದ್ದರು. ಆಡಿದಂತೆ ಮಾಡುವ ಮನುಷ್ಯ. ನಿಜದ ಹಾಗೆ ಕಾಣಲೆಂದು ಹಸಿ ಹುಲ್ಲಿಗೆ ಬೆಂಕಿ ಇಟ್ಟು ಹೊಗೆಯನ್ನೂ ಹಾಕಿಸುತ್ತಿದ್ದರು.

ಆ ಬುಧವಾರ ಮಧ್ಯಾಹ್ನ ಪ್ರಯೋಗದ ತರಗತಿ ನಡೆಯುತ್ತಿದ್ದಾಗಲೇ ಮೇಷ್ಟರು ಸೀಟಿ ಊದಿದರು. ಎಲ್ಲರೂ ಎದ್ದುಬಿದ್ದು ಓಡಿದರು. ಹಿಂದಿನ ಸಲ ಒಂದು ತಕ್ಕಡಿ ಕಳುವಾಗಿದ್ದರಿಂದ ಮೇಷ್ಟರು ಪ್ರಯೋಗಶಾಲೆಗೆ ತಾವೇ ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿಕೊಂಡು ಬಂದರು.

ಭಾರತಮ್ಮ ಮಣ್ಣಿಗೆ ಮುಖವಿಟ್ಟು ಮಲಗಿದಳು. ಪ್ರತಿ ಸಲ ಔಷಧದ ಪೆಟ್ಟಿಗೆ ಹೊತ್ತು ಕಂದಕದ ತುದಿಗೆ ಬಂದು ಕೂರುತ್ತಿದ್ದವರು ಪ್ರಯೋಗಶಾಲೆಯ ಜವಾನ ರಹಮತ್ತುಲ್ಲಾ ಸಾಹೇಬರು. ಇವತ್ತು ಅವರ ಚಪ್ಪಲಿ ಸದ್ದು ಬರಲಿಲ್ಲ. ಹಿಂದೆ ಗಣಿಯಲ್ಲಿ ದುಡಿಯುವಾಗ ಸಿಡಿಮದ್ದಿನ ಸದ್ದಿಗೆ ಅವರ ಕಿವಿ ಹೋಗಿತ್ತು. ಸೀಟಿ ಅವರಿಗೆ ಕೇಳುವುದಿಲ್ಲ; ಹುಡುಗರು ಓಡುವುದನ್ನು ಕಂಡೇ ಅವರು ಹೊರಡುತ್ತಿದ್ದರು. ಸ್ವಲ್ಪ ಮುಂಚೆ ಅವರು ಪ್ರಯೋಗಶಾಲೆಯ ಒಳಗಿನ ಉಗ್ರಾಣಕ್ಕೆ ಹೋದದ್ದನ್ನು ಅವಳು ನೋಡಿದ್ದಳು.

ಗಾಳಿಯಲ್ಲಿ ಹುಲ್ಲಿನ ಹೊಗೆಯ ಜೊತೆ ಬೇರೊಂದು ಘಾಟು ತೇಲಿಬಂತು, ರಬ್ಬರು ಸುಟ್ಟ ಹಾಗೆ. ಏಳಬಾರದು. ಎದ್ದರೆ ಓದು ಮುಗಿದ ಹಾಗೆ.

ಅವಳು ಎದ್ದು ನಿಂತಳು.

"ಮಲಗು," ಎಂದರು ಮೇಷ್ಟರು.

"ಸಾರ್, ರಹಮತ್ತುಲ್ಲಾ ಸಾಹೇಬರು ಎಲ್ಲಿ?"

"ಮಲಗು ಅಂದೆ."

"ಅವರು ಉಗ್ರಾಣದಲ್ಲಿದ್ರು ಸಾರ್. ನೀವು ಒಳಗೆ ನೋಡಿ ಬೀಗ ಹಾಕಿದ್ರಾ?"

ಕೋದಂಡರಾಮಪ್ಪನವರು ತಿರುಗಿ ನೋಡಿದರು. ಪ್ರಯೋಗಶಾಲೆಯ ಗವಾಕ್ಷಿಯಿಂದ ಕಪ್ಪು ಹೊಗೆ ಸುತ್ತಿಕೊಂಡು ಹೊರಬರುತ್ತಿತ್ತು. ಸೀಟಿ ಅಲ್ಲೇ ಕೈಬಿಟ್ಟು ಓಡಿದರು. ಅವಳೂ ಓಡಿದಳು. ಹಿಂದಿನಿಂದ ಹುಡುಗರು ಒಬ್ಬೊಬ್ಬರಾಗಿ ಎದ್ದು ಬಂದರು.

ಅವಸರದಲ್ಲಿ ಮೇಷ್ಟರ ಬೀಗದ ಕೈ ಎರಡು ಸಲ ಜಾರಿತು. ಬಾಗಿಲು ತೆರೆದದ್ದೇ ತಡ ಹೊಗೆ ಮುಖಕ್ಕೆ ನುಗ್ಗಿತು. ಯಾರೋ ಆರಿಸದೆ ಬಿಟ್ಟು ಓಡಿದ್ದ ಸ್ಪಿರಿಟ್ ದೀಪ ಉರುಳಿ, ಬೆಂಕಿ ಒಂದು ಮೇಜನ್ನು ಹಿಡಿದು ಪಕ್ಕದ್ದಕ್ಕೆ ಚಾಚಿತ್ತು. ಹುಡುಗನೊಬ್ಬ ನೀರಿನ ಬಕೀಟು ಎತ್ತಿದ.

"ನೀರು ಬೇಡ ಕಣೋ, ಸ್ಪಿರಿಟ್ ಹರಡುತ್ತೆ. ಮರಳು ಹಾಕ್ರೋ, ಮರಳು," ಎಂದರು ಮೇಷ್ಟರು. ರಹಮತ್ತುಲ್ಲಾ ಎಂದು ಕೂಗುತ್ತ ನಾಲ್ಕು ಹೆಜ್ಜೆ ಒಳಗಿಟ್ಟವರು ಕೆಮ್ಮಿ ಕೆಮ್ಮಿ ಬಾಗಿಲಿಗೇ ವಾಪಸು ಬಂದು ಕುಸಿದರು.

ಹೊಗೆ ಮೇಲಕ್ಕೇರುತ್ತದೆ, ತೆವಳಿಕೊಂಡು ಹೋಗಿ ಎಂದು ಹೇಳಿಕೊಟ್ಟವರೇ ಅವರು, ಗಾಬರಿಯಲ್ಲಿ ಮರೆತಿದ್ದರು. ಭಾರತಮ್ಮ ಸೆರಗನ್ನು ಬಕೀಟಿಗೆ ಅದ್ದಿ ಮೂಗುಬಾಯಿಗೆ ಸುತ್ತಿಕೊಂಡು ನೆಲಕ್ಕೆ ಬಗ್ಗಿದಳು. ಅಂಗೈ, ಮೊಣಕಾಲು ಊರಿಕೊಂಡು ಗೋಡೆ ಹಿಡಿದು ಮುಂದೆ ಸರಿದಳು. ಬಲಗಡೆ ಗಾಜಿನ ಸೀಸೆಗಳು ಒಂದೊಂದಾಗಿ ಸಿಡಿಯುತ್ತಿದ್ದವು. ಒಡೆದ ಚೂರು ಅಂಗೈಗೆ ಹೊಕ್ಕಿತು.

ಉಗ್ರಾಣದ ಬಾಗಿಲು ಒಳಗಿನಿಂದ ಭದ್ರವಾಗಿತ್ತು. ಬಡಿದಳು. ಮತ್ತೆ ಬಡಿದಳು. ಕೇಳದವರಿಗೆ ಎಷ್ಟು ಬಡಿದರೇನು ಎಂದು ಆಗ ಹೊಳೆಯಿತು. ಕಣ್ಣು ಉರಿದು ಏನೂ ಕಾಣುತ್ತಿರಲಿಲ್ಲ. ಬಾಗಿಲ ಅಡಿಯಲ್ಲಿ ಕೈಯಾಡಿಸಿದಾಗ ಒದ್ದೆ ಬಟ್ಟೆ ಸಿಕ್ಕಿತು. ಹೊಗೆ ಬಾರದ ಹಾಗೆ ಯಾರೋ ಒಳಗಿನಿಂದ ತುರುಕಿದ್ದ ಬಟ್ಟೆ. ಅವರು ಬದುಕಿದ್ದಾರೆ.

ಅವಳು ಅದನ್ನು ಜಗ್ಗಿದಳು. ಒಳಗಿನಿಂದ ಅದನ್ನು ವಾಪಸು ಎಳೆದುಕೊಂಡರು. ಮತ್ತೆ ಜಗ್ಗಿ ಬಿಟ್ಟಳು, ಮತ್ತೆ ಜಗ್ಗಿದಳು. ಆ ಕಡೆಯ ಕೈ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಅಗಳಿ ಸರಿಯಿತು.

ರಹಮತ್ತುಲ್ಲಾ ಸಾಹೇಬರು ಪೇಟವಿಲ್ಲದ ಬರಿದಲೆಯಲ್ಲಿ ನೆಲದ ಮೇಲೆ ಕೂತಿದ್ದರು. ಅವರ ತಲೆಯನ್ನು ಕೆಳಕ್ಕೆ ಬಗ್ಗಿಸಿ, ತೋಳು ಹಿಡಿದು ಎಳೆದಳು. ಇಬ್ಬರೂ ತೆವಳಿ ಬರುವಷ್ಟರಲ್ಲಿ ಹುಡುಗರು ಮರಳೆಲ್ಲ ಮುಗಿಸಿ, ಕಂದಕದ ಮಣ್ಣನ್ನು ಬುಟ್ಟಿಗಳಲ್ಲಿ ತಂದು ಸುರಿಯುತ್ತಿದ್ದರು. ಬೆಂಕಿ ಮೂರನೆಯ ಮೇಜಿಗೆ ನಿಂತಿತು.

ಬೇವಿನ ಮರದಡಿ ನೀರು ಕುಡಿದ ಮೇಲೆ ಸಾಹೇಬರು, "ಗಣಿಯಾಗೆ ಹೊಗೆ ಎದ್ರೆ ಹಿಂಗೇ ಮಾಡ್ತಿದ್ವಿ ಬೇಟಿ. ಬಟ್ಟೆ ನೆನೆಸಿ ಸಂದಿಗೆ ಇಡೋದು. ಯಾರಾನ ಬತ್ತಾರೆ ಅಂತ ಕೂತ್ಕಳೋದು," ಎಂದರು. ಅವಳು ಮತ್ತೆ ನೀರು ತುಂಬಿ ಅವರ ಕೈಗಿಟ್ಟಳು.

ಸಂಜೆ ಶ್ಯಾಮಲಮ್ಮ ಅವಳ ಅಂಗೈಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು. ಬೈಯಲಿಲ್ಲ. ಟ್ರಂಕು ಕೆಳಗಿಳಿಸಿ ಅವಳ ಬಟ್ಟೆ ಮಡಿಸಿಡತೊಡಗಿದಳು. ಆಗಲೇ ಬಾಗಿಲಲ್ಲಿ ಕೋದಂಡರಾಮಪ್ಪನವರು ಬಂದು ನಿಂತರು. ಕೂತ್ಕೊಳಿ ಅಂದರೂ ಕೂರಲಿಲ್ಲ.

"ತಪ್ಪು ನಂದಮ್ಮ. ಒಳಗೆ ನೋಡದೆ ಬೀಗ ಹಾಕ್ದೆ. ಪ್ರಿನ್ಸಿಪಾಲರಿಗೆ ಬರೆದುಕೊಟ್ಟು ಬಂದಿದ್ದೀನಿ. ನಿಮ್ಮ ಹುಡುಗಿ ನನ್ನ ಮಾತು ಮೀರಿದ್ದಕ್ಕೆ ಒಂದು ಜೀವ ಉಳೀತು."

"ನಾಳೆ ನಿಜವಾಗ್ಲೂ ವಿಮಾನ ಬಂದ್ರೆ, ಸಾರ್? ಆಗ ಯಾರನ್ನ ಒಳಗೆ ಬಿಟ್ಟು ಬೀಗ ಹಾಕ್ತೀರಿ?" ಎಂದು ಕೇಳಿದಳು ಶ್ಯಾಮಲಮ್ಮ.

"ಇನ್ನು ಯಾವ ಬಾಗಿಲಿಗೂ ಬೀಗ ಹಾಕಲ್ಲ. ಕಂದಕದಲ್ಲಿ ಹೆಸರು ಕರೀತೀನಿ, ಜವಾನರದ್ದೂ ಸೇರಿಸಿ. ಓಗೊಡದವರನ್ನ ನಾನೇ ಹೋಗಿ ಹುಡುಕ್ತೀನಿ."

ಶ್ಯಾಮಲಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಟ್ರಂಕಿನ ಮೇಲಿಟ್ಟಳು. ಕೊನೆಗೆ ಭಾರತಮ್ಮನ ಕಡೆ ತಿರುಗಿ, "ನೀನೇನಂತೀಯೇ?" ಎಂದಳು.

"ಸೋಮವಾರ ಪರೀಕ್ಷೆ ಇದೆ ಚಿಕ್ಕಮ್ಮ. ಹೋಗ್ತೀನಿ."

ಚಿಕ್ಕಮ್ಮ ಮಡಿಸಿಟ್ಟಿದ್ದ ಬಟ್ಟೆಗಳನ್ನು ಟ್ರಂಕಿನಿಂದ ಹೊರಗೆ ತೆಗೆದಿಟ್ಟು, ಮೇಷ್ಟರಿಗೆ ಕಾಫಿ ಬೆರೆಸಲು ಒಳಗೆ ಹೋದಳು.