ಮೂರನೇ ಸ್ವಿಚ್ಚಿನ ದೀಪ

ಬೀದಿಯವರೆಲ್ಲ ಅವನನ್ನು ಸುತ್ತಣ್ಣ ಅಂತಲೇ ಕರೆಯುತ್ತಿದ್ದರು. ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಡುವುದು ಅವನ ಕಸುಬು. ಮೂವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಸುತ್ತಿದವನಿಗೆ ಬೇರೆ ಹೆಸರು ಯಾಕೆ ಬೇಕು ಹೇಳಿ. ಹೆಂಡತಿ ಡ್ರೈವಿಂಗ್ ಕಲಿಸುವವಳು, ಅವಳ ಹೆಸರು ಕ್ಲಚ್ಚಮ್ಮ. "ಕ್ಲಚ್ಚು! ಕ್ಲಚ್ಚು ಒತ್ತೋ ಮಹಾರಾಯ!" ಅಂತ ಅವಳು ಕೂಗಿದರೆ ಎದುರು ಬರುವ ಗಾಡಿಯವರೂ ಕ್ಲಚ್ಚು ಒತ್ತಿಬಿಡುತ್ತಿದ್ದರು. ಅವನು ಕೂತರೆ ಏಳದವನು, ಇವಳು ಒಂದು ಕಡೆ ಕೂರದವಳು. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವಂಥ ಜೋಡಿ. ಆದರೂ ಇಪ್ಪತ್ತಾರು ವರ್ಷ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಅದಕ್ಕೊಂದು ಗುಟ್ಟಿತ್ತು. ಸುತ್ತಣ್ಣನಿಗೆ ಬಣ್ಣ ಗೊತ್ತಾಗುತ್ತಿರಲಿಲ್ಲ. ನೀಲಿ ಒಂದು ಗೊತ್ತಾಗುತ್ತಿತ್ತು. ಕೆಂಪು, ಹಸಿರು, ಕಂದು, ಹಳದಿ ಎಲ್ಲ ಒಂದೇ ಕೊಳೆ ನೀರಿನಲ್ಲಿ ಅದ್ದಿ ತೆಗೆದ ಬಟ್ಟೆಗಳ ಹಾಗೆ ಕಾಣುತ್ತಿದ್ದವು. ವಯಸ್ಸಿನಲ್ಲಿ ಲೈಸೆನ್ಸಿಗೆ ಹೋದಾಗ ಚುಕ್ಕಿಚುಕ್ಕಿಯ ಚಿತ್ರ ಹಿಡಿದು, ಇದರಲ್ಲಿ ಯಾವ ಅಂಕಿ ಇದೆ ಹೇಳು ಅಂದರಂತೆ. ಇವನು "ಅಂಕಿ ಎಲ್ಲಿದೆ?" ಅಂದನಂತೆ. ಅಲ್ಲಿಗೆ ಲೈಸೆನ್ಸಿನ ಕಥೆ ಮುಗಿಯಿತು. ಮೋಟಾರ್ ಸುತ್ತುವ ಕಸುಬು ಹಿಡಿದದ್ದೂ ಅದಕ್ಕೇ, ತಾಮ್ರದ ತಂತಿಗೆ ಒಂದೇ ಬಣ್ಣ. ಈ ವಿಷಯ ಹೆಂಡತಿಗೊಬ್ಬಳಿಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಮರ್ಯಾದೆ ಪ್ರಶ್ನೆ ನೋಡಿ! ಬಣ್ಣದ ವೈರಿನ ಕೆಲಸ ಬಂದಾಗ ಅವನು ಒಂದೊಂದೇ ವೈರು ಎತ್ತಿ ಹಿಡಿಯುತ್ತಿದ್ದ, ಅವಳು ಹೇಳುತ್ತಿದ್ದಳು. ಅದೂ ಬರೀ ಕೆಂಪು, ಹಸಿರು ಅಂತಲ್ಲ. "ಇದು ಟೊಮೆಟೊ." "ಇದು ಸ್ಕೂಲಿನ ಗೇಟಿನ ಹಸಿರು." "ಇದು ಒದ್ದೆ ಮಣ್ಣು." ಕಣ್ಣಿಗೆ ಸಿಗದ ಬಣ್ಣಗಳನ್ನೆಲ್ಲ ಅವನು ಕಿವಿಯಲ್ಲಿ ಇಟ್ಟುಕೊಂಡಿದ್ದ.

ಪಾಠಕ್ಕೆ ಅವಳಿಗೊಂದು ಸಣ್ಣ ಕಾರಿತ್ತು, ಸ್ವಂತ ಖುಷಿಗೆ ದೊಡ್ಡ ಚಕ್ರದ ಜೀಪಿತ್ತು. ರಜೆ ಬಂತೆಂದರೆ ಮನೆ ಹಿಂದಿನ ಬತ್ತಿದ ಹೊಳೆಗೆ ಇಳಿಸಿ ಬಂಡೆಗಳ ಮೇಲೆ ಹತ್ತಿಸುವಳು. ಸುತ್ತಣ್ಣ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವನು. ಆ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಕಪ್ಪು ಮುಚ್ಚಳವಿತ್ತು. ಇದೇ ಜೀಪಿನ ದುಬಾರಿ ಮಾಡೆಲ್ಲಿನಲ್ಲಿ ಆ ಜಾಗದಲ್ಲಿ ನಾಲ್ಕು ಹೆಚ್ಚುವರಿ ಸ್ವಿಚ್ಚುಗಳು ಬರುತ್ತಿದ್ದವು. ಬೇಕಾದ ಲೈಟು, ಪಂಪು ಹಾಕಿಕೊಳ್ಳಲಿ ಅಂತ. ಇವರದು ಅಗ್ಗದ್ದು, ಬರೀ ಮುಚ್ಚಳ. "ಹಲ್ಲಿಲ್ಲದ ಬಾಯಿ ಥರ ಕಾಣುತ್ತೆ ಕಣ್ರೀ, ನಾಲ್ಕು ಸ್ವಿಚ್ಚು ಹಾಕಿಕೊಡಿ" ಅಂತ ಅವಳು ಐದು ವರ್ಷದಿಂದ ಕೇಳುತ್ತಿದ್ದಳು. "ಆಗಲಿ, ನೋಡೋಣ" ಅಂತ ಅವನು ಐದು ವರ್ಷದಿಂದ ಹೇಳುತ್ತಿದ್ದ. ಗಂಡಂದಿರ "ನೋಡೋಣ" ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಅವಳಿಗೆ ತಲೆನೋವು ಶುರುವಾಯಿತು. ಕಣ್ಣಿನ ಹಿಂದೆ ಗೆಡ್ಡೆ ಅಂದರು. ಒಂದು ತಿಂಗಳು ಬಿಟ್ಟು ಆಪರೇಷನ್ ಅಂತ ದಿನ ಕೊಟ್ಟರು. ಉಳೀತಾಳಾ ಅಂತ ಕೇಳಿದರೆ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಒಂದು ಕಾಲಿನ ಶಕ್ತಿ ಆಗಲೇ ಹೋಗಿತ್ತು. ಎದೆಯೆತ್ತರದ ಜೀಪನ್ನು ಹತ್ತುವ ಮಾತೇ ಇರಲಿಲ್ಲ. ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಆಪರೇಷನ್ನಿಗೆ ಮುಂಚೆ ನಾನೊಂದು ಸಲ ಹೊಳೆಗೆ ಹೋಗಿ ಬರ್ಬೇಕು. ನನ್ನನ್ನ ಮೂಟೆ ಥರ ಎತ್ತಿ ಹಾಕಬಾರದು. ನಾನೇ ಹತ್ತಬೇಕು. ಅಷ್ಟು ಮಾಡಿಕೊಡಿ ಸಾಕು."

ಐದು ವರ್ಷದ "ನೋಡೋಣ" ಆವತ್ತು ಅವನ ಎದೆಗೆ ಒದ್ದಿತು. ಮಾರನೇ ದಿನವೇ ಗುಜರಿಗೆ ಓಡಿದ. ಎಲ್ಲೋ ಗುದ್ದಿಕೊಂಡು ಬಂದಿದ್ದ ದುಬಾರಿ ಮಾಡೆಲ್ಲಿನ ಸ್ವಿಚ್ಚಿನ ಪಟ್ಟಿಯನ್ನೂ, ಸ್ವಿಚ್ಚು ಒತ್ತಿದರೆ ಕೆಳಗಿಳಿಯುವ ಮೋಟಾರಿನ ಮೆಟ್ಟಿಲನ್ನೂ ಬಿಚ್ಚಿಸಿಕೊಂಡು ಬಂದ. ಗುಜರಿಯವನು ಹುಡುಕಿ ಒಂದು ಹಾಳೆಯನ್ನೂ ಕೊಟ್ಟ, ಯಾವ ವೈರು ಯಾವುದಕ್ಕೆ ಅಂತ ಪರಭಾಷೆಯ ಇರುವೆ ಅಕ್ಷರದಲ್ಲಿ ಬರೆದದ್ದು. ಸುತ್ತಣ್ಣನಿಗೆ ಓದಲು ಬಾರದು. ಅವಳು ಹಾಳೆಯನ್ನು ಮೂಗಿಗೆ ತಾಗಿಸಿಕೊಂಡು ಇಡೀ ಬೆಳಗ್ಗೆ ಓದಿದಳು, ಪೆನ್ಸಿಲಿನಲ್ಲಿ ಗೀಟು ಹಾಕಿದಳು. ಆಮೇಲೆ ಕಪ್ಪು ಕನ್ನಡಕ ಹಾಕಿಕೊಂಡು, ಬೆಳಕು ಚುಚ್ಚುತ್ತೆ ಅಂದಳು.

"ಇದರಲ್ಲಿ ಒಂದು ತಮಾಷೆ ಇದೆ ಕಣ್ರೀ. ಸ್ವಿಚ್ಚು ಹಾಕಿದ್ರೆ ಅದರ ಮೇಲೇ ಒಂದು ಪುಟಾಣಿ ದೀಪ ಹತ್ತುತ್ತಂತೆ. ಯಾವ ಬಣ್ಣ ಅಂತ ಬರೆದಿದೆ. ನಾನು ಹೇಳಲ್ಲ. ಹತ್ತಿದ ದಿನ ನೀವೇ ನೋಡಿ ಹೇಳ್ಬೇಕು. ನಿಮಗೆ ಪರೀಕ್ಷೆ."

"ಫೇಲಾದ್ರೆ?"

"ಫೇಲಾದ್ರೆ ಫೇಲು. ಕರುಣೆಗೆ ಪಾಸು ಮಾಡೋ ಪೈಕಿ ಅಲ್ಲ ನಾನು."

ಅದು ನಿಜ. ಅವಳು ತಾನೇ ಪರೀಕ್ಷೆ ಮಾಡಿ ಪಾಸು ಅನ್ನದೆ ಯಾರನ್ನೂ ಲೈಸೆನ್ಸಿನ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ಒಡಹುಟ್ಟಿದ ತಂಗಿಯನ್ನೇ ಮೂರು ಸಲ ಫೇಲು ಮಾಡಿದ್ದಳು. ಅತ್ತರೂ ಅಷ್ಟೆ, ಕರೆದರೂ ಅಷ್ಟೆ.

ಕೆಲಸ ಶುರುವಾಯಿತು. ಅಂಗಳದಲ್ಲಿ ಜೀಪು, ಜಗಲಿಯ ಮೇಲೆ ಅವಳ ಕುರ್ಚಿ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕು ಬಿಚ್ಚುವಾಗ ಒಂದು ಕ್ಲಿಪ್ಪು ಪಟ್ ಅಂದಿತು. "ಮುರಿದ್ರಾ? ನನಗೆ ಕೇಳಿಸ್ತು!" ಅಂತ ಜಗಲಿಯಿಂದ ಬೈಗುಳ ಬಂತು. ಒಳಗೆ ನೋಡಿದರೆ ಸುತ್ತಣ್ಣನಿಗೆ ಆಶ್ಚರ್ಯ. ವೈರುಗಳನ್ನು ಫ್ಯಾಕ್ಟರಿಯಲ್ಲೇ ಎಳೆದುಬಿಟ್ಟಿದ್ದರು. ಫ್ಯೂಸಿನ ಡಬ್ಬಿಯಿಂದ ಸ್ವಿಚ್ಚಿಗೆ ಬರುವ ನಾಲ್ಕು ವೈರಿನ ತುದಿಗಳನ್ನು ಮಡಚಿ, ಟೇಪು ಸುತ್ತಿ, ಯಾರೋ ಒಂದು ದಿನ ಬಂದಾರು ಅಂತ ಹಾಗೇ ಬಿಟ್ಟಿದ್ದರು. "ನೋಡಿದ್ರಾ, ಐದು ವರ್ಷದಿಂದ ಕಾಯ್ತಾ ಕೂತಿದ್ವು ಪಾಪ" ಅಂದಳು ಅವಳು, ಅವನು ಹೇಳಿದ್ದು ಕೇಳಿ. ಅವನು ತಲೆ ಎತ್ತಲಿಲ್ಲ.

ಮೊದಲನೇ ವೈರು ಎತ್ತಿ ಹಿಡಿದ. "ಟೊಮೆಟೊ" ಅಂದಳು. ಅದು ಮೇಲಿನ ಲೈಟಿಗೆ ಹೋಯಿತು. ಎರಡನೇದು ನೀಲಿ, ಗಾಳಿ ತುಂಬುವ ಪಂಪಿಗೆ. "ಇದು ನನಗೂ ಗೊತ್ತು" ಅಂತ ಅವನು ಜಂಬ ಕೊಚ್ಚಿಕೊಂಡ. ಮೂರನೇ ಸ್ವಿಚ್ಚೇ ಮುಖ್ಯ, ಅದು ಮೆಟ್ಟಿಲಿನದು. ಮೆಟ್ಟಿಲಿನ ಮೋಟಾರು ಜಾಸ್ತಿ ಕರೆಂಟು ಎಳೆಯುತ್ತದೆ, ಅದಕ್ಕೇ ಮೂರನೇದಕ್ಕೆ ದೊಡ್ಡ ಫ್ಯೂಸು, ನಾಲ್ಕನೇದಕ್ಕೆ ಸಣ್ಣದು. ಉಳಿದಿದ್ದ ಎರಡು ವೈರಿನಲ್ಲಿ ಮುಂದಿನದನ್ನು ಹಿಡಿದ. ಅವಳು ತಡಮಾಡದೆ "ಸ್ಕೂಲಿನ ಗೇಟು. ಹಸಿರು. ಅದೇ ಮೂರನೇದು, ಹಾಕಿ" ಅಂದಳು. ಹಾಕಿದ. ನಾಲ್ಕನೇದನ್ನು ಸದ್ಯಕ್ಕೆ ಖಾಲಿ ಬಿಡೋಣ ಅಂದರು. ಸ್ವಿಚ್ಚು ಬಂದಿದೆ ಅಂತ ಜೀಪಿನ ಕಂಪ್ಯೂಟರಿಗೂ ತಿಳಿಸಬೇಕಂತೆ. ಗ್ಯಾರೇಜಿನವನು ಸ್ಕ್ಯಾನರು ಹಿಡಿದು ಬಂದು ಹತ್ತು ನಿಮಿಷದಲ್ಲಿ ಅದನ್ನೂ ಮಾಡಿ ಹೋದ.

ಸುತ್ತಣ್ಣ ಕೈ ಒರೆಸಿಕೊಂಡು ಮೂರನೇದನ್ನು ಒತ್ತಿದ. ಮೆಟ್ಟಿಲು ಗುಂಯ್ ಅಂತ ಒಂದು ಗೇಣು ಇಳಿದು ನಿಂತೇ ಹೋಯಿತು. ಸುಟ್ಟ ವಾಸನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಫ್ಯೂಸಿನ ಡಬ್ಬಿ ತೆಗೆದು ನೋಡಿದ. ಸುಟ್ಟಿದ್ದು ಮೂರನೇದರ ಫ್ಯೂಸಲ್ಲ, ನಾಲ್ಕನೇದರದ್ದು. ಅಂದರೆ ವೈರು ಅದಲುಬದಲು. ಅಂದರೆ ಅವಳು ಹೇಳಿದ್ದು ತಪ್ಪು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ತಪ್ಪು ಹೇಳದವಳು! ಹೊತ್ತಿಗೆ ಸರಿಯಾಗಿ ನಾದಿನಿ ಬಂದಳು. ಮೂರು ಸಲ ಫೇಲಾದ ಆ ತಂಗಿಯೇ. ಶಾಲೆಯಲ್ಲಿ ಲೆಕ್ಕದ ಟೀಚರು, ದಿನಾ ಅಕ್ಕನನ್ನು ನೋಡಲು ಬರುತ್ತಿದ್ದಳು. ಗುಟ್ಟು ಬಿಟ್ಟುಕೊಡದೆ ಬಣ್ಣ ತಿಳಿಯುವ ಹಳೆಯ ಉಪಾಯ ಸುತ್ತಣ್ಣನಿಗೆ ಗೊತ್ತಿತ್ತು. "ಬಾಮ್ಮಾ, ಆ ಹಸಿರು ವೈರು ಸ್ವಲ್ಪ ಹಿಡ್ಕೋ" ಅಂದ. ಅವಳು ಮೆಟ್ಟಿಲಿನ ಸ್ವಿಚ್ಚಿಗೆ ಹಾಕಿದ್ದ ವೈರನ್ನು ಬಿಟ್ಟು, ಟೇಪು ಸುತ್ತಿದ್ದ ಇನ್ನೊಂದನ್ನು ಹಿಡಿದುಕೊಂಡಳು.

ಸುತ್ತಣ್ಣ ಕೂತಲ್ಲೇ ಲೆಕ್ಕ ಹಾಕಿದ. ಗುಜರಿಯವನು ಕೊಟ್ಟ ಹಾಳೆ ಬೇರೆ ಯಾವುದೋ ವರ್ಷದ ಗಾಡಿಯದಿರಬೇಕು. ಅವಳು ಓದಿ ಹೇಳಿದ್ದ ಪ್ರಕಾರ ಅದರ ಸಾಲಿನಲ್ಲಿ ಮೂರನೇದು ಹಸಿರು, ನಾಲ್ಕನೇದು ಕಂದು, ಆದರೆ ಈ ಗಾಡಿಯ ಸಾಲಿನಲ್ಲಿ ಕಂದು ಮೊದಲು. ಹಾಗಾದರೆ ಅವಳು ವೈರು ನೋಡಿ ಹೇಳಿದ್ದಲ್ಲ. ಹಾಳೆಯನ್ನು ಬಾಯಿಪಾಠ ಮಾಡಿಕೊಂಡು ಹೇಳಿದ್ದು.

ನಾದಿನಿ ಒಳಗೆ ಹೋಗುವವರೆಗೂ ಕಾದ. ಆಮೇಲೆ ಜಗಲಿಯ ಮುಂದೆ ಬಂದು ನಿಂತು ಕೈ ಎತ್ತಿ ಹಿಡಿದ. ಕೈಯಲ್ಲಿ ಏನೂ ಇರಲಿಲ್ಲ.

"ಇದು ಯಾವುದು ನೋಡೇ" ಅಂದ.

ಅವಳು ಕಪ್ಪು ಕನ್ನಡಕವನ್ನು ಅವನ ಕೈಯ ಕಡೆ ತಿರುಗಿಸಿದಳು. ಒಂದು ಕ್ಷಣ ದಿಟ್ಟಿಸಿ ನೋಡುವವಳ ಹಾಗೆ ಕೂತಳು. "ಒದ್ದೆ ಮಣ್ಣು" ಅಂದಳು. "ಕಂದು. ಅದು ನಾಲ್ಕನೇದು ಅಲ್ವಾ?"

"ಹೌದು" ಅಂದ. "ನೀನು ಹೇಳಿದ್ದು ಸರಿಯಾಗಿತ್ತು ಕಣೇ. ನನ್ನ ಜಾಯಿಂಟೇ ಸಡಿಲ ಇತ್ತು."

"ನಾನು ಅಂದುಕೊಂಡೆ. ವಯಸ್ಸಾಯ್ತು ನಿಮಗೆ" ಅಂತ ಅವಳು ನಕ್ಕಳು.

ಅವನು ಜೀಪಿನ ಹಿಂದೆ ಹೋಗಿ ಚಕ್ರಕ್ಕೆ ಹಣೆ ಕೊಟ್ಟು ಅತ್ತ. ಗಂಡಸು ಅಳಬಾರದು ಅಂತ ಹೇಳಿದವರು ಆ ಹೊತ್ತಿನಲ್ಲಿ ಅಲ್ಲಿ ಇರಬೇಕಾಗಿತ್ತು. ಯಾಕೆ ಮುಚ್ಚಿಟ್ಟಳು? ಅವಳ ಕಣ್ಣು ಹೋದರೆ ಅವನ ಬಣ್ಣವೂ ಹೋಯಿತಲ್ಲ, ಅದಕ್ಕೆ. ಕೈ ಬಿಟ್ಟು ಹೋಗುತ್ತಿದ್ದೇನೆ ಅಂತ ಅವನಿಗೆ ಅನ್ನಿಸಬಾರದು, ಅದಕ್ಕೆ. ಹೋಗಿ ತಬ್ಬಿಕೊಂಡು ನನಗೆ ಗೊತ್ತಾಯ್ತು ಅನ್ನೋಣ ಅಂತ ಎರಡು ಸಲ ಎದ್ದ, ಎರಡು ಸಲವೂ ಕೂತ. ಕೊನೆಗೆ ಮುಖ ತೊಳೆದುಕೊಂಡು ಬಂದು ಎರಡು ವೈರನ್ನೂ ಬದಲಾಯಿಸಿ, ಹೊಸ ಫ್ಯೂಸು ಹಾಕಿದ. ಮೆಟ್ಟಿಲಿನ ಪಟ್ಟಿಗೆ ಕೈಗೆ ತಾಗುವ ಹಾಗೆ ಒರಟು ಟೇಪು ಅಂಟಿಸಿದ. ಯಾಕೆ ಅಂತ ಅವಳು ಕೇಳಲಿಲ್ಲ, ಇವನೂ ಹೇಳಲಿಲ್ಲ.

ಆಪರೇಷನ್ ಸೋಮವಾರ. ಶನಿವಾರ ಬೆಳಗ್ಗೆ ಅವನ ಭುಜ ಹಿಡಿದುಕೊಂಡು ಅವಳು ಅಂಗಳಕ್ಕೆ ಬಂದಳು. ಅವಳಿಗೆ ಬಾಗಿಲ ಹಿಡಿಕೆ ಹಿಡಿಸಿ ನಿಲ್ಲಿಸಿ, ಅವನು ಆ ಕಡೆಯಿಂದ ಹತ್ತಿ ಸ್ಟೇರಿಂಗಿನ ಮುಂದೆ ಕೂತ. ಲೈಸೆನ್ಸಿಲ್ಲದಿದ್ದರೂ ಅವಳು ಅದೇ ಹೊಳೆಯ ಮರಳಿನಲ್ಲಿ ಅವನಿಗೆ ಓಡಿಸುವುದನ್ನು ಕಲಿಸಿದ್ದಳು. ಮನೆಯ ಹಿಂಬಾಗಿಲಿನಿಂದ ಹೊಳೆಯವರೆಗೆ ಒಂದು ಸಿಗ್ನಲ್ಲೂ ಇರಲಿಲ್ಲ. ಮೂರನೇ ಸ್ವಿಚ್ಚು ಒತ್ತಿದ. ಗುಂಯ್ ಅಂತ ಮೆಟ್ಟಿಲು ಪೂರ್ತಿ ಇಳಿಯಿತು. ಅವಳು ಕಾಲಿನಿಂದ ತಡವಿದಳು, ಸಿಕ್ಕಿತು. ಎರಡೂ ಕೈಯಲ್ಲಿ ಕಂಬಿ ಹಿಡಿದು, ತುಟಿ ಕಚ್ಚಿ, ಮೈಯೆಲ್ಲ ಬೆವೆತು ಹತ್ತಿದಳು. ಅವನು ಸೀಟಿನ ಅಂಚಿಗೆ ಬಂದು ಎರಡೂ ಕೈ ಚಾಚಿಕೊಂಡಿದ್ದ, ಆದರೆ ಮುಟ್ಟಲಿಲ್ಲ. ಧೊಪ್ಪನೆ ಕೂತು ಏದುಸಿರು ಬಿಡುತ್ತ, "ಹತ್ತಿದೆ! ನಾನೇ ಹತ್ತಿದೆ ಕಣ್ರೀ!" ಅಂತ ಸಣ್ಣ ಹುಡುಗಿಯ ಹಾಗೆ ತೊಡೆ ತಟ್ಟಿಕೊಂಡಳು.

ಉಸಿರು ಹಿಡಿತಕ್ಕೆ ಬಂದ ಮೇಲೆ ಟೀಚರಮ್ಮನ ಗತ್ತಿನಲ್ಲಿ ಕೇಳಿದಳು: "ಹ್ಞೂಂ, ಈಗ ಪರೀಕ್ಷೆ. ದೀಪ ಹತ್ತಿದೆ ತಾನೇ? ಯಾವ ಬಣ್ಣ?"

ಸುತ್ತಣ್ಣ ಬಗ್ಗಿ ನೋಡಿದ. ಒಂದು ಚುಕ್ಕಿ ಬೆಳಕು. ಅದು ಏನು ಬೇಕಾದರೂ ಆಗಿರಬಹುದಿತ್ತು. ಎಲ್ಲ ಸರಿಯಾಗಿದೆ ಅನ್ನುವುದಕ್ಕೆ ಹತ್ತುವ ದೀಪ ಹಸಿರೇ ಇರಬೇಕು ಅಂದುಕೊಂಡು, "ಹಸಿರು" ಅಂದ.

"ಎಂಥ ಹಸಿರು?"

"ಸಿಗ್ನಲ್ಲಿನ ಹಸಿರು. ನೀನು ಹೇಳ್ತೀಯಲ್ಲ, ಹೊರಡು ಅನ್ನೋ ಹಸಿರು."

ಅವಳು ಡ್ಯಾಶ್‌ಬೋರ್ಡಿನ ಕಡೆ ಮುಖ ಮಾಡಿ ಕೈ ಚಾಚಿ ಸ್ವಿಚ್ಚುಗಳನ್ನು ಒಂದು, ಎರಡು, ಮೂರು ಅಂತ ಸವರಿ, ಮೂರನೇದರ ಮೇಲೆ ಬೆರಳಿಟ್ಟಳು. ಆಮೇಲೆ ಅವನ ಮೊಣಕಾಲಿಗೆ ಒಂದು ಏಟು ಕೊಟ್ಟಳು.

"ಪಾಸು. ಹಾಗಾದ್ರೆ ಹೊರಡಿ."

ಹೊರಟರು. ದಾರಿಯುದ್ದಕ್ಕೂ ಇಂಜಿನ್ನಿನ ಸದ್ದು ಕೇಳಿಕೊಂಡೇ ಅವಳು "ಕ್ಲಚ್ಚು! ಕ್ಲಚ್ಚು!" ಅಂತ ಬೈಯುತ್ತಿದ್ದಳು. ಚಕ್ರದ ಕೆಳಗೆ ಮೊದಲ ಕಲ್ಲು ಸಿಕ್ಕಾಗ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಸುತ್ತಣ್ಣ ಸದ್ದಿಲ್ಲದೆ ಅಳುತ್ತಿದ್ದ. "ಗಾಡಿ ಓಡಿಸುವಾಗ ಮೂಗು ಒರೆಸಬಾರದು" ಅಂದಳು. "ಎರಡೂ ಕೈ ಸ್ಟೇರಿಂಗಿನ ಮೇಲಿರಲಿ."

ಸೋಮವಾರ ಹೋದವಳು ವಾಪಸ್ಸು ಬರಲಿಲ್ಲ.

ಒಂದು ತಿಂಗಳು ಜೀಪು ನಿಂತಲ್ಲೇ ನಿಂತಿತ್ತು. ಬ್ಯಾಟರಿ ಸತ್ತು ಹೋಗುತ್ತೆ ಭಾವ, ಒಂದು ಸಲ ಸ್ಟಾರ್ಟು ಮಾಡ್ತೀನಿ ಅಂತ ನಾದಿನಿ ಹತ್ತಿ ಕೂತಳು. ಎಲ್ಲೋ ಬೆರಳು ತಾಗಿ ಗುಂಯ್ ಅಂತ ಮೆಟ್ಟಿಲು ಇಳಿಯಿತು.

"ಭಾವ, ಈ ಹಳದಿ ದೀಪ ಹತ್ತಿಕೊಳ್ತು. ಆರಿಸಲಾ?"

"ಯಾವ ದೀಪ ಅಂದೆ?"

"ಹಳದಿ. ಸಿಗ್ನಲ್ಲಿನಲ್ಲಿ ನಡುವೆ ಇರುತ್ತಲ್ಲ, ನಿಲ್ಲೋಕೆ ತಯಾರಾಗಿ ಅಂತ, ಅದೇ ಬಣ್ಣ."

ಸುತ್ತಣ್ಣ ಒಳಗೆ ಹೋದ. ಅವಳ ದಿಂಬಿನ ಕೆಳಗೆ ಇನ್ನೂ ಇದ್ದ ಹಾಳೆಯನ್ನು ತಂದು ನಾದಿನಿಯ ಕೈಗೆ ಕೊಟ್ಟ. "ದೀಪದ ವಿಷಯ ಏನು ಬರೆದಿದೆ ನೋಡಮ್ಮ."

ಅವಳು ಹುಡುಕಿದಳು. "ಹಳದಿ ಅಂತಲೇ ಇದೆ. ಅಕ್ಕ ಪೆನ್ಸಿಲಲ್ಲಿ ಎರಡೆರಡು ಗೀಟು ಹಾಕಿದ್ದಾಳೆ. ಯಾಕೆ ಭಾವ?"

ಅವನು ಇಳಿದು ನಿಂತಿದ್ದ ಮೆಟ್ಟಿಲಿನ ಮೇಲೆ ಕೂತ. ಒರಟು ಟೇಪಿನ ಮೇಲೆ ಕೈಯಾಡಿಸಿದ.

"ನಿಮ್ಮಕ್ಕ ನಿನ್ನನ್ನ ಎಷ್ಟು ಸಲ ಫೇಲು ಮಾಡಿದ್ಲು?"

"ಮೂರು ಸಲ."

"ನನ್ನನ್ನ ಮೊದಲನೇ ಸಲಕ್ಕೇ ಪಾಸು ಮಾಡಿಬಿಟ್ಲು ಕಣಮ್ಮ" ಅಂದವನು, ಹಾಳೆಯನ್ನು ಮುಖಕ್ಕೆ ಒತ್ತಿಕೊಂಡು, ಬೀದಿಯವರೆಲ್ಲ ಹೊರಗೆ ಬಂದು ನೋಡುವ ಹಾಗೆ ಗೊಳೋ ಅಂತ ಅತ್ತುಬಿಟ್ಟ.